ಆಲ್ಫ್ರೆಡ್ ಚಾಟರ್ಟನ್

ಸರ್ ಆಲ್ಫ್ರೆಡ್ ಚಾಟರ್ಟನ್ (1866–1958) ದಕ್ಷಿಣ ಭಾರತದಲ್ಲಿ ಕೆಲಸ ಮಾಡಿದ ಬ್ರಿಟಿಷ್ ಎಂಜಿನಿಯರ್, ತಾಂತ್ರಿಕ ಶಿಕ್ಷಣತಜ್ಞ ಹಾಗೂ ಆಡಳಿತಗಾರರು. ಮದರಾಸು ಪ್ರಾಂತದಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆ, ಕ್ರೋಮ್ ಚರ್ಮ ಹದಗೊಳಿಸುವಿಕೆ ಮತ್ತು ಎಣ್ಣೆ ಎಂಜಿನ್ನುಗಳ ನೆರವಿನ ಏತ ನೀರಾವರಿಗೆ ಇವರು ತಳಹದಿ ಹಾಕಿದರು. 1912ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯ ನಿರ್ದೇಶಕರಾದರು. ಮೊದಲ ಮಹಾಯುದ್ಧದ ಕಾಲದಲ್ಲಿ ಶ್ರೀಗಂಧದ ಎಣ್ಣೆಯನ್ನು ಸಂಸ್ಥಾನದಲ್ಲಿಯೇ ಬಟ್ಟಿ ಇಳಿಸುವ ಕಾರ್ಖಾನೆಗಳು ಸ್ಥಾಪನೆಯಾದದ್ದು ಇವರ ಅಧಿಕಾರಾವಧಿಯ ಮುಖ್ಯ ಸಾಧನೆ.

ಮದರಾಸಿನ ವರ್ಷಗಳು

ಲಂಡನ್ನಿನಲ್ಲಿ ಎಂಜಿನಿಯರಿಂಗ್ ಶಿಕ್ಷಣ ಪಡೆದ ಚಾಟರ್ಟನ್ 1888ರಲ್ಲಿ ಭಾರತಕ್ಕೆ ಬಂದು ಮದರಾಸಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಪಾಠದ ಕೋಣೆಗಿಂತ ಕಾರ್ಯಾಗಾರದಲ್ಲಿ ಅವರಿಗೆ ಹೆಚ್ಚು ಆಸಕ್ತಿಯಿತ್ತು. ಮದರಾಸಿನ ಕಲಾಶಾಲೆಯಲ್ಲಿ 1898ರಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ತಯಾರಿಕೆಯನ್ನು ಆರಂಭಿಸಿದರು. ಕಂಚುಗಾರರ ಕೈಚಳಕವನ್ನೇ ಹೊಸ ಲೋಹಕ್ಕೆ ಒಗ್ಗಿಸಿದ ಈ ಪ್ರಯೋಗ ಲಾಭದಾಯಕವೆಂದು ಸಿದ್ಧವಾದ ಮೇಲೆ 1903ರಲ್ಲಿ ಅದನ್ನು ಖಾಸಗಿ ಕಂಪನಿಗೆ ವಹಿಸಲಾಯಿತು. ಸರಕಾರ ಮೊದಲು ನಷ್ಟದ ಭಾರ ಹೊತ್ತು ದಾರಿ ತೋರಿಸಬೇಕು, ದಾರಿ ಸ್ಪಷ್ಟವಾದ ಬಳಿಕ ಹಿಂದೆ ಸರಿಯಬೇಕು ಎಂಬುದು ಅವರ ನಿಲುವಾಗಿತ್ತು. ಮುಂದೆ ಮೈಸೂರಿನಲ್ಲಿ ಈ ನಿಲುವಿನ ಎರಡನೆಯ ಭಾಗ ನಡೆಯಲಿಲ್ಲ.

ಕ್ರೋಮ್ ಚರ್ಮದ ಪ್ರಯೋಗವೂ ಇದೇ ಬಗೆಯದು. ಕಪಿಲೆ ಬಾವಿಗಳಿಗೆ ಬಳಸುತ್ತಿದ್ದ ಚರ್ಮದ ಬಾನಿಗಳು ನೀರಿನಲ್ಲಿ ನೆನೆದು ಬೇಗ ಹಾಳಾಗುತ್ತಿದ್ದವು. ಕ್ರೋಮಿಯಂ ಲವಣದಿಂದ ಹದ ಮಾಡಿದ ಚರ್ಮ ನೀರಿಗೆ ಹೆಚ್ಚು ಕಾಲ ತಡೆದುಕೊಳ್ಳುತ್ತದೆ ಎಂಬುದನ್ನು ಮನಗಂಡು ಅದರ ತಯಾರಿಕೆಗೆ ತೊಡಗಿದರು. ಕಪಿಲೆಯ ಬಾನಿಯಿಂದ ಆರಂಭವಾದ ಆಲೋಚನೆ ಕಪಿಲೆಯನ್ನೇ ಬದಿಗೆ ಸರಿಸುವತ್ತ ಸಾಗಿತು. ಎಣ್ಣೆ ಎಂಜಿನ್ ಮತ್ತು ಪಂಪುಗಳನ್ನು ಬಾವಿಗಳಿಗೆ ಅಳವಡಿಸುವ ಪ್ರಯೋಗಗಳನ್ನು 1902ರ ಸುಮಾರಿಗೆ ಕೈಗೊಂಡು, ಅವುಗಳನ್ನು ಕೊಳ್ಳಲು ರೈತರಿಗೆ ಸರಕಾರಿ ಸಾಲ ದೊರೆಯುವಂತೆ ಮಾಡಿದರು.

ಎಲ್ಲ ಪ್ರಯತ್ನಗಳೂ ಫಲಿಸಲಿಲ್ಲ. ಸೇಲಂನಲ್ಲಿ ಕೈಮಗ್ಗದ ನೇಕಾರರನ್ನು ಒಂದೇ ಸೂರಿನಡಿ ಸೇರಿಸಿ ನೇಯಿಸುವ ಕಾರ್ಖಾನೆಯನ್ನು ತೆರೆದರು. ತಮ್ಮ ಮನೆಯಲ್ಲಿ, ತಮ್ಮ ಹೊತ್ತಿಗೆ, ಮನೆಮಂದಿಯೊಡನೆ ನೇಯ್ದು ರೂಢಿಯಿದ್ದವರಿಗೆ ಗಂಟೆಯ ಕಟ್ಟುಪಾಡು ಹಿಡಿಸಲಿಲ್ಲ.

1908ರಲ್ಲಿ ಮದರಾಸು ಸರಕಾರ ಪ್ರತ್ಯೇಕ ಕೈಗಾರಿಕಾ ಇಲಾಖೆಯನ್ನು ರಚಿಸಿ ಚಾಟರ್ಟನ್ನರನ್ನು ಅದರ ಮುಖ್ಯಸ್ಥರನ್ನಾಗಿ ನೇಮಿಸಿತು. ತೆರಿಗೆ ಹಣದಿಂದ ನಡೆಯುವ ಕಾರ್ಖಾನೆ ತಮ್ಮೊಡನೆ ಪೈಪೋಟಿಗೆ ನಿಲ್ಲುವುದೆಂದು ಐರೋಪ್ಯ ವರ್ತಕರು ಆಕ್ಷೇಪಿಸಿದರು. ಭಾರತ ಕಾರ್ಯದರ್ಶಿಯಾಗಿದ್ದ ಲಾರ್ಡ್ ಮಾರ್ಲಿ 1910ರಲ್ಲಿ ಈ ನೀತಿಯನ್ನು ಒಪ್ಪದೆ ಆದೇಶ ಕಳುಹಿಸಿದರು. ಹತ್ತು ವರ್ಷಗಳಿಂದ ಕಟ್ಟಿದ್ದು ಒಂದು ಪತ್ರದಿಂದ ನಿಂತುಹೋಯಿತು.

ಮೈಸೂರು ಸಂಸ್ಥಾನಕ್ಕೆ

ಲಂಡನ್ನಿನ ಆಕ್ಷೇಪ ದೇಶೀಯ ಸಂಸ್ಥಾನವೊಂದಕ್ಕೆ ಅಷ್ಟಾಗಿ ತಟ್ಟುವಂತಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಮೈಸೂರಿನಲ್ಲಿ 1911ರಲ್ಲಿ ಆರ್ಥಿಕ ಸಮ್ಮೇಳನ ಸ್ಥಾಪನೆಯಾಗಿತ್ತು. 1912ರಲ್ಲಿ ಎಂ. ವಿಶ್ವೇಶ್ವರಯ್ಯನವರು ದಿವಾನರಾದರು. ಅದೇ ವರ್ಷ ಚಾಟರ್ಟನ್ ಮೈಸೂರಿಗೆ ಬಂದರು. ಮದರಾಸಿನಲ್ಲಿ ಅವರಿಗೆ ನಿರಾಕರಿಸಲಾದ ಕೆಲಸವೇ ಇಲ್ಲಿ ಅವರ ಹುದ್ದೆಯಾಯಿತು.

ದಿವಾನರಿಗೂ ನಿರ್ದೇಶಕರಿಗೂ ಗುರಿ ಒಂದೇ ಆಗಿದ್ದರೂ ಅಳತೆಗೋಲು ಬೇರೆಯಾಗಿತ್ತು. ವಿಶ್ವೇಶ್ವರಯ್ಯನವರ ದೃಷ್ಟಿ ಭಾರಿ ಕೈಗಾರಿಕೆಗಳ ಮೇಲಿತ್ತು. ಚಾಟರ್ಟನ್ ಚಿಕ್ಕ ಎಂಜಿನ್, ಸುಧಾರಿಸಿದ ಮಗ್ಗ, ಪಂಪು, ಗಾಣಗಳಂಥ ಹಳ್ಳಿಗೆ ಹೊಂದುವ ಸಲಕರಣೆಗಳಿಂದ ಆರಂಭಿಸಬೇಕೆನ್ನುವವರು. ಅವರ ಇಲಾಖೆ ಸಂಸ್ಥಾನದ ರೈತರಿಗೂ ಸಣ್ಣ ಉದ್ಯಮಿಗಳಿಗೂ ನೀರೆತ್ತುವ ಪಂಪು, ಅಕ್ಕಿ ಗಿರಣಿ, ಕಬ್ಬು ಅರೆಯುವ ಯಂತ್ರಗಳ ಬಗೆಗೆ ಸಲಹೆ ನೀಡುತ್ತಿತ್ತು.

ಇಂದಿನ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಆಗ ಮೈಸೂರು ಜಿಲ್ಲೆಗೆ ಸೇರಿದ್ದವು. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಕನ್ನಂಬಾಡಿ ಅಣೆಕಟ್ಟಿನ ಕೆಲಸ 1911ರಲ್ಲಿ ಆರಂಭವಾಗಿದ್ದರೂ ನಾಲೆಯ ನೀರು ಇಲ್ಲಿಗೆ ಇನ್ನೂ ಬಂದಿರಲಿಲ್ಲ. ಇಂದು ಕಬ್ಬು ಮತ್ತು ಭತ್ತದ ಸೀಮೆಯೆನಿಸಿರುವ ಈ ನೆಲದ ಬಹುಭಾಗ ರಾಗಿ ಬೆಳೆಯುವ ಬೆದ್ದಲು. ಕೆರೆ, ಬಾವಿ, ಶಿಂಷಾ ನದಿಯ ಹಳೆಯ ಕಾಲುವೆಗಳ ಆಸರೆಯಲ್ಲಿ ಮಾತ್ರ ತರಿ ಬೇಸಾಯ ನಡೆಯುತ್ತಿತ್ತು. ಆದರೆ ಈ ಸೀಮೆಯ ಒಂದು ಮೂಲೆಯಲ್ಲಿ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, 1902ರಿಂದಲೇ ಕಾವೇರಿಯಿಂದ ವಿದ್ಯುತ್ ತಯಾರಾಗುತ್ತಿತ್ತು. ಅದು ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ತಲುಪಿತು. ವಿದ್ಯುತ್ತು ಹುಟ್ಟುವ ತಾಲ್ಲೂಕಿನ ಹಳ್ಳಿಗಳು ಮಾತ್ರ ಬಹುಕಾಲ ಹರಳೆಣ್ಣೆಯ ದೀಪದಲ್ಲಿಯೇ ಇದ್ದವು. ಗಂಧದೆಣ್ಣೆಯ ಕಾರ್ಖಾನೆಗಳು ಏಳಲಿದ್ದ ಎರಡೂ ನಗರಗಳಿಗೆ ಮಳವಳ್ಳಿ ಸೀಮೆಯ ಶಕ್ತಿ ಹೀಗೆ ಮೊದಲೇ ಬಂದು ಸೇರಿತ್ತು.

ಶ್ರೀಗಂಧದ ಎಣ್ಣೆ

ಗಂಧದ ಮರ ಮೈಸೂರಿನಲ್ಲಿ ರಾಜವೃಕ್ಷ. 1792ರಲ್ಲಿ ಟೀಪು ಸುಲ್ತಾನ್ ಹಾಗೆ ಘೋಷಿಸಿದಂದಿನಿಂದ, ಅದು ಯಾರ ಹೊಲದಲ್ಲಿ ಬೆಳೆದರೂ ಸರಕಾರದ ಸ್ವತ್ತೆನಿಸಿತ್ತು. ಕಡಿದ ಮರವನ್ನು ಗಂಧದ ಕೋಠಿಗಳಿಗೆ ಸಾಗಿಸಿ, ಅಲ್ಲಿ ದರ್ಜೆಗಳಾಗಿ ವಿಂಗಡಿಸಿ ಹರಾಜು ಹಾಕಲಾಗುತ್ತಿತ್ತು. ಕೊಂಡ ಮರದ ಬಹುಪಾಲು ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಲೈಪ್‌ಜಿಗ್ ಬಳಿಯ ಶಿಮೆಲ್ ಕಂಪನಿಯಂಥ ಕಾರ್ಖಾನೆಗಳು ಅದರಿಂದ ಎಣ್ಣೆ ತೆಗೆದು ಸುಗಂಧದ್ರವ್ಯದ ತಯಾರಕರಿಗೂ ಔಷಧ ವ್ಯಾಪಾರಿಗಳಿಗೂ ಮಾರುತ್ತಿದ್ದವು. ಮೂತ್ರನಾಳದ ಸೋಂಕುಗಳಿಗೆ ಆ ಕಾಲದ ವೈದ್ಯರು ಗಂಧದೆಣ್ಣೆಯನ್ನು ಕೊಡುತ್ತಿದ್ದುದರಿಂದ ಅದಕ್ಕೆ ದೊಡ್ಡ ಬೇಡಿಕೆಯಿತ್ತು. ಮರ ಮೈಸೂರಿನದು, ಎಣ್ಣೆಯ ಲಾಭ ಹೊರಗಿನವರದು.

1914ರ ಆಗಸ್ಟಿನಲ್ಲಿ ಯುದ್ಧ ಆರಂಭವಾದಾಗ ಕೊಳ್ಳುವವರೇ ಇಲ್ಲವಾದರು. ಸಂಸ್ಥಾನದ ಒಂದು ಮುಖ್ಯ ಆದಾಯ ಇದ್ದಕ್ಕಿದ್ದಂತೆ ನಿಂತು, ಕೋಠಿಗಳಲ್ಲಿ ಮರ ಉಳಿಯಿತು. ಎಣ್ಣೆಯನ್ನು ಇಲ್ಲಿಯೇ ತೆಗೆಯಬೇಕು, ಇಲ್ಲವೇ ನಷ್ಟ ಅನುಭವಿಸಬೇಕು ಎಂಬ ಸ್ಥಿತಿ ಒದಗಿತು. ಔಷಧದ ದರ್ಜೆಯ ಎಣ್ಣೆಯನ್ನು ದೊಡ್ಡ ಪ್ರಮಾಣದಲ್ಲಿ ತೆಗೆದ ಅನುಭವ ಸಂಸ್ಥಾನದಲ್ಲಿ ಯಾರಿಗೂ ಇರಲಿಲ್ಲ, ಬಲ್ಲವರು ಶತ್ರುದೇಶದವರಾಗಿದ್ದರು.

ಗಂಧದೆಣ್ಣೆ ತೆಗೆಯುವುದು ಈ ನಾಡಿಗೆ ಅಪರಿಚಿತವೇನೂ ಆಗಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಮರದ ಚೂರನ್ನು ನೀರಿನಲ್ಲಿ ನೆನೆಸಿ, ಹಂಡೆಯಲ್ಲಿಟ್ಟು ಕಟ್ಟಿಗೆಯ ಉರಿಯಿಂದ ಬೇಯಿಸಿ, ಆವಿಯನ್ನು ಕೊಳವೆಯ ಮೂಲಕ ಇನ್ನೊಂದು ಪಾತ್ರೆಗೆ ಇಳಿಸುವ ಪದ್ಧತಿಯಿತ್ತು. ಅದರ ದೋಷ ಒಲೆಯಲ್ಲಿಯೇ ಇತ್ತು. ನೇರ ಉರಿ ತಾಗಿದರೆ ಹಂಡೆಯ ತಳದ ಪುಡಿ ಸೀಯುತ್ತದೆ. ಎಣ್ಣೆಗೆ ಕಮಟು ವಾಸನೆ ಬಂದು ಬಣ್ಣ ಕಪ್ಪಾಗುತ್ತದೆ. ಮರದಲ್ಲಿರುವ ಎಣ್ಣೆಯ ಒಂದು ಪಾಲು ಹೊರಗೇ ಬರುವುದಿಲ್ಲ.

ಈ ತೊಡಕಿಗೆ ಕಾರಣ ಎಣ್ಣೆಯ ಗುಣ. ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ಕುದಿಯುವುದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಕಲ್ಲೆಣ್ಣೆಯನ್ನು ಶುದ್ಧೀಕರಿಸುವಲ್ಲಿ ಕುದಿಬಿಂದುಗಳ ಅಂತರವನ್ನೇ ಆಧರಿಸಿ ಸೀಮೆಎಣ್ಣೆ, ಪೆಟ್ರೋಲುಗಳನ್ನು ಬೇರ್ಪಡಿಸುತ್ತಾರೆ. ಅಲ್ಲಿ ಹೆಚ್ಚಿನ ಶಾಖ ಸಹಜ. ಗಂಧಕ್ಕೆ ಆ ಶಾಖ ಕೊಟ್ಟರೆ ಪರಿಮಳವೇ ಕೆಡುತ್ತದೆ. ಆದರೆ ಬೇರೊಂದು ಬಾಯ್ಲರಿನಿಂದ ತಂದ ಹಬೆಯನ್ನು ಪುಡಿಯ ಮೂಲಕ ಹಾಯಿಸಿದರೆ, ಎಣ್ಣೆಯ ಆವಿ ಹಬೆಯ ಜೊತೆಗೂಡಿ ನೀರು ಕುದಿಯುವ ಉಷ್ಣತೆಯಲ್ಲಿಯೇ ಹೊರಬರುತ್ತದೆ. ತತ್ತ್ವ ಸರಳವಾದರೂ ಸಲಕರಣೆಯ ಮಟ್ಟಿಗೆ ಹಲವು ಸಮಸ್ಯೆಗಳಿದ್ದವು. ಪುಡಿ ತೀರ ನುಣುಪಾದರೆ ಗಟ್ಟಿಕಟ್ಟಿ, ಹಬೆ ಒಂದೆರಡು ಬಿರುಕುಗಳಲ್ಲಿ ನುಗ್ಗಿ ಉಳಿದ ಪುಡಿಯನ್ನು ಮುಟ್ಟದೆ ಹೋಗುತ್ತದೆ. ತೀರ ದಪ್ಪವಾದರೆ ಎಣ್ಣೆ ಮರದೊಳಗೇ ಉಳಿಯುತ್ತದೆ. ಎಣ್ಣೆಯ ಭಾರವಾದ ಅಂಶಗಳು ನಿಧಾನವಾಗಿ ಬರುವುದರಿಂದ ಒಂದು ಹಂಡೆ ಖಾಲಿಯಾಗಲು ಎರಡು ಮೂರು ದಿನ ಬೇಕು. ಅವಸರದಿಂದ ನಿಲ್ಲಿಸಿದರೆ ಬೆಲೆಬಾಳುವ ಪಾಲೇ ತಪ್ಪಿಹೋಗುತ್ತದೆ. ತಣಿಸಿದ ಮೇಲೆ ನೀರಿನಿಂದ ಎಣ್ಣೆಯನ್ನು ಬೇರ್ಪಡಿಸುವುದೂ ಸುಲಭವಲ್ಲ. ಗಂಧದೆಣ್ಣೆಯ ಸಾಂದ್ರತೆ ಸುಮಾರು 0.97ರಿಂದ 0.98, ನೀರಿಗಿಂತ ಎಳ್ಳಷ್ಟೇ ಹಗುರ. ಹಾಗಾಗಿ ಅದು ಬೇಗ ತೇಲಿ ನಿಲ್ಲುವುದಿಲ್ಲ.

ಈ ಸಮಸ್ಯೆಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಜೆ. ಸಡ್‌ಬರೋ ಮತ್ತು ಎಚ್. ಇ. ವಾಟ್ಸನ್ ಎತ್ತಿಕೊಂಡರು. ಸಡ್‌ಬರೋ ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ವಾಟ್ಸನ್ ಲಂಡನ್ನಿನಲ್ಲಿ ವಿಲಿಯಂ ರಾಮ್ಸೆ ಅವರ ಬಳಿ ಕೆಲಸ ಮಾಡಿ ಬಂದಿದ್ದ ತರುಣ ವಿಜ್ಞಾನಿ. ತೆರೆದು ಕೆಲವೇ ವರ್ಷಗಳಾಗಿದ್ದ ಸಂಸ್ಥೆಗೆ ತಾನು ನಾಡಿನ ಕೈಗಾರಿಕೆಗೆ ಉಪಯುಕ್ತವೆಂದು ತೋರಿಸಲು ಇದೊಂದು ಅವಕಾಶವೂ ಆಯಿತು. ರಸಾಯನಶಾಸ್ತ್ರದ ಕೆಲಸ ಇವರಿಬ್ಬರದು. ಪ್ರಯೋಗಾಲಯದ ಫಲಿತಾಂಶವನ್ನು ಕಾರ್ಖಾನೆಯಾಗಿ ಬೆಳೆಸುವುದಕ್ಕೆ ಬೇಕಾದ ಯೋಜನೆ, ಹಣಕಾಸು ಮತ್ತು ಆಡಳಿತದ ಹೊಣೆ ಚಾಟರ್ಟನ್ನರ ಇಲಾಖೆಯದು. ಎಣ್ಣೆ ತೆಗೆದ ಕೀರ್ತಿಯನ್ನು ಒಬ್ಬರಿಗೇ ಸಲ್ಲಿಸುವ ಬರಹಗಳು ಈ ವಿಂಗಡಣೆಯನ್ನು ಮರೆಯುತ್ತವೆ. ಯುದ್ಧಕಾಲದಲ್ಲಿ ಹೊರದೇಶದ ಯಂತ್ರಗಳನ್ನು ತರಿಸುವುದು ಕಷ್ಟವಾಗಿದ್ದುದನ್ನು ನೆನೆದರೆ ಎರಡೂ ಕೆಲಸಗಳ ತೂಕ ತಿಳಿಯುತ್ತದೆ.

1916ರಲ್ಲಿ ಬೆಂಗಳೂರಿನ ಕಾರ್ಖಾನೆ ಎಣ್ಣೆಯ ತಯಾರಿಕೆಯನ್ನು ಆರಂಭಿಸಿತು. ಅದರ ಯಶಸ್ಸಿನಿಂದ ಉತ್ತೇಜನಗೊಂಡು 1917ರಲ್ಲಿ ಮೈಸೂರಿನಲ್ಲಿ ಇನ್ನೂ ದೊಡ್ಡ ಕಾರ್ಖಾನೆಯನ್ನು ಸ್ಥಾಪಿಸಲಾಯಿತು. ಮರದ ಚೇಗು ಮತ್ತು ಬೇರುಗಳನ್ನು ಚಕ್ಕೆಯಾಗಿ ಸೀಳಿ, ಯಂತ್ರದಲ್ಲಿ ಪುಡಿ ಮಾಡಿ, ಹಬೆಯಿಂದ ಬಟ್ಟಿ ಇಳಿಸಿ, ಮೊದಲು ಬಂದ ಕಚ್ಚಾ ಎಣ್ಣೆಯನ್ನು ಶುದ್ಧೀಕರಿಸುವುದು ಅಲ್ಲಿನ ಕ್ರಮ. ಚೇಗಿನಿಂದ ತೂಕದ ಶೇಕಡ 4ರಿಂದ 6ರಷ್ಟು ಎಣ್ಣೆ ದೊರೆಯುತ್ತದೆ. ಬೇರಿನಲ್ಲಿ ಅದಕ್ಕಿಂತ ಹೆಚ್ಚು. ಔಷಧದ ದರ್ಜೆಗೆ ಶೇಕಡ 90ಕ್ಕೆ ಕಡಿಮೆಯಿಲ್ಲದಷ್ಟು ಸ್ಯಾಂಟಲಾಲ್ ಇರಬೇಕು. ಮೈಸೂರಿನ ಎಣ್ಣೆ ಆ ಮಟ್ಟವನ್ನು ಮುಟ್ಟಿ ಲಂಡನ್ ಮಾರುಕಟ್ಟೆಯಲ್ಲಿ ಹೆಸರು ಗಳಿಸಿತು. ಯುದ್ಧ ಮುಗಿದ ಮೇಲೂ ಮರದ ಬದಲು ಎಣ್ಣೆಯನ್ನೇ ರಫ್ತು ಮಾಡುವ ನೀತಿ ಮುಂದುವರಿಯಿತು.

ಇದರ ಬೆನ್ನಿಗೇ ಸಾಬೂನು ಬಂದಿತು. ಇಂಗ್ಲೆಂಡಿನಲ್ಲಿ ತರಬೇತಿ ಪಡೆದ ಸೋಸಲೆ ಗರಳಪುರಿ ಶಾಸ್ತ್ರಿಗಳು ಗಂಧದೆಣ್ಣೆಯ ಪರಿಮಳ ಉಳಿಯುವ ಸಾಬೂನನ್ನು ರೂಪಿಸಿದರು. ಅದೇ ಮೈಸೂರು ಸ್ಯಾಂಡಲ್ ಸೋಪ್. ಚಾಟರ್ಟನ್ನರ ಹಳೆಯ ನಿಲುವಿನಂತೆ ಈ ಉದ್ಯಮ ಖಾಸಗಿಯವರಿಗೆ ಹಸ್ತಾಂತರವಾಗಬೇಕಿತ್ತು. ಮರವೇ ಸರಕಾರದ ಏಕಸ್ವಾಮ್ಯವಾಗಿದ್ದಾಗ ಎಣ್ಣೆಯನ್ನು ಬಿಟ್ಟುಕೊಡಲು ಸಂಸ್ಥಾನಕ್ಕೆ ಕಾರಣವಿರಲಿಲ್ಲ.

ಕಾರ್ಖಾನೆ ನಿಂತರೂ ಕಾಡು ಸುರಕ್ಷಿತವಾಗಿರಲಿಲ್ಲ. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗ ಗಂಧದ ಮರಗಳನ್ನು ನಾಶಪಡಿಸುತ್ತಿತ್ತು. ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅದನ್ನು ಅಧ್ಯಯನ ಮಾಡಿದರು. ಮಂಡ್ಯದ ಜನರಿಗೆ ಕೋಲ್ಮನ್ ಬೇರೊಂದು ಕಾರಣಕ್ಕೆ ಪರಿಚಿತರು: ನಾಲೆಯ ನೀರು ಬಂದ ಬಳಿಕ 1933ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಹಿಂದಿನ ಪ್ರೇರಕಶಕ್ತಿ ಅವರು. ಕಾಕಂಬಿಯಿಂದ ಮದ್ಯಸಾರವನ್ನು ಬಟ್ಟಿ ಇಳಿಸುವ ಘಟಕವೂ ಮುಂದೆ ಆ ಕಾರ್ಖಾನೆಗೆ ಸೇರಿತು.

ಕೈಗಾರಿಕಾ ಆಯೋಗ ಮತ್ತು ನಂತರದ ಜೀವನ

1916ರಲ್ಲಿ ಥಾಮಸ್ ಹಾಲೆಂಡ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಕೈಗಾರಿಕಾ ಆಯೋಗ ರಚನೆಯಾದಾಗ ಚಾಟರ್ಟನ್ ಅದರ ಸದಸ್ಯರಾದರು. ದೊರಾಬ್ಜಿ ಟಾಟಾ, ರಾಜೇಂದ್ರನಾಥ ಮುಖರ್ಜಿ, ಮದನಮೋಹನ ಮಾಳವೀಯ ಮೊದಲಾದವರೂ ಅದರಲ್ಲಿದ್ದರು. ಕೈಗಾರಿಕೆಗಳ ಬೆಳವಣಿಗೆಯಲ್ಲಿ ಸರಕಾರ ಸಕ್ರಿಯ ಪಾತ್ರ ವಹಿಸಬೇಕೆಂದೂ ಪ್ರಾಂತಗಳಲ್ಲಿ ಕೈಗಾರಿಕಾ ಇಲಾಖೆಗಳಿರಬೇಕೆಂದೂ ಆಯೋಗ 1918ರಲ್ಲಿ ಶಿಫಾರಸು ಮಾಡಿತು. ಎಂಟು ವರ್ಷಗಳ ಹಿಂದೆ ಮಾರ್ಲಿ ತಳ್ಳಿಹಾಕಿದ್ದ ವಾದ ಇದೇ. ಯುದ್ಧ ಕಲಿಸಿದ ಪಾಠದ ಮುಂದೆ ವರ್ತಕರ ಆಕ್ಷೇಪ ನಿಲ್ಲಲಿಲ್ಲ. 1919ರಲ್ಲಿ ಚಾಟರ್ಟನ್ನರಿಗೆ ಸರ್ ಪದವಿ ದೊರೆಯಿತು.

ಅವರ ಗ್ರಂಥಗಳಲ್ಲಿ ದಕ್ಷಿಣ ಭಾರತದ ಕೃಷಿ ಮತ್ತು ಕೈಗಾರಿಕಾ ಸಮಸ್ಯೆಗಳನ್ನು ಕುರಿತ ಸಂಕಲನ, ಮದರಾಸು ಪ್ರಾಂತದ ಚರ್ಮೋದ್ಯಮವನ್ನು ಕುರಿತ ಪ್ರಬಂಧ, ಹಾಗೂ 1912ರಲ್ಲಿ ಪ್ರಕಟವಾದ ಭಾರತದ ಕೈಗಾರಿಕಾ ವಿಕಾಸವನ್ನು ಕುರಿತ ಪುಸ್ತಕ ಮುಖ್ಯವಾದವು. ಕೊನೆಯದರಲ್ಲಿ ಮದರಾಸಿನ ಪ್ರಯೋಗಗಳ ಜಮಾಖರ್ಚನ್ನೂ ವೈಫಲ್ಯಗಳನ್ನೂ ಮರೆಮಾಚದೆ ಕೊಟ್ಟಿದ್ದಾರೆ. ಚಾಟರ್ಟನ್ 1958ರಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ನಿಧನರಾದರು.