ಆಯುಧವನ್ನು ಬಿಟ್ಟ ಗ್ರಂಥಕರ್ತನು

ರಷ್ಯಾ ದೇಶದ ಪ್ರಖ್ಯಾತ ಗ್ರಂಥಕರ್ತನಾದ ಲಿಯೋ ಟಾಲ್‌ಸ್ಟಾಯನು 1828ರಲ್ಲಿ ಯಾಸ್ನಾಯಾ ಪೊಲ್ಯಾನಾ ಎಂಬ ಗ್ರಾಮದಲ್ಲಿ ಸಿರಿವಂತ ಜಮೀನ್ದಾರರ ಮನೆಯಲ್ಲಿ ಹುಟ್ಟಿದನು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳಕೊಂಡು, ಯೌವನದಲ್ಲಿ ಜೂಜು ಮುಂತಾದ ದುರ್ವ್ಯಸನಗಳಿಗೆ ಒಳಪಟ್ಟು, 1852ರಲ್ಲಿ ದಂಡಿಗೆ ಸೇರಿದನು. ಸೆವಾಸ್ತೊಪೊಲ್ ಪಟ್ಟಣದ ಮುತ್ತಿಗೆಯಲ್ಲಿ ಸಾಯುವವರನ್ನೂ ಕೈಕಾಲು ಕಳಕೊಂಡವರನ್ನೂ ಕಣ್ಣಾರೆ ಕಂಡು, ಅದನ್ನು ಮುಚ್ಚುಮರೆಯಿಲ್ಲದೆ ಬರೆದನು. 1856ರಲ್ಲಿ ದಂಡನ್ನು ಬಿಟ್ಟು, ತರುವಾಯ 'ಯುದ್ಧ ಮತ್ತು ಶಾಂತಿ' ಎಂಬ ಮಹಾಗ್ರಂಥವನ್ನು ರಚಿಸಿ ಲೋಕಪ್ರಸಿದ್ಧನಾದನು.

ಐವತ್ತು ವರುಷ ತುಂಬುವಾಗ ಕೀರ್ತಿಯೂ ಐಶ್ವರ್ಯವೂ ಅವನಿಗೆ ವ್ಯರ್ಥವಾಗಿ ತೋರಿದವು. ಆಗ ಸುವಾರ್ತೆಗಳನ್ನು ಗ್ರೀಕ್ ಭಾಷೆಯಲ್ಲಿಯೇ ಪರಿಶೋಧಿಸಿ, ಯೇಸು ಸ್ವಾಮಿಯ ಪರ್ವತ ಪ್ರಸಂಗವು ಕೇಳಿ ಮೆಚ್ಚುವುದಕ್ಕಲ್ಲ, ಕೈಕೊಂಡು ನಡೆಯುವುದಕ್ಕೇ ಕೊಡಲ್ಪಟ್ಟಿದೆಯೆಂದು ನಿಶ್ಚಯಿಸಿದನು. ಕ್ರಿಸ್ತನ ಶಿಷ್ಯನು ಅರಸನ ಅಪ್ಪಣೆಯಿಂದಲೂ ಮನುಷ್ಯರನ್ನು ಕೊಲ್ಲಕೂಡದೆಂದು ಬರೆದು ಸಾರಿದನು. ರಷ್ಯಾದಲ್ಲಿ 1874ರಿಂದ ದಂಡಿನ ಸೇವೆಯು ಎಲ್ಲಾ ವರ್ಗದ ಗಂಡಸರಿಗೂ ಕಡ್ಡಾಯವಾಗಿದ್ದುದರಿಂದ, ಹಾಗೆ ನಂಬಿದವರಿಗೆ ಸೆರೆಮನೆಯೇ ಗತಿಯಾಯಿತು. ದ್ರೋಜಿನ್ ಎಂಬ ಹಳ್ಳಿಯ ಉಪಾಧ್ಯಾಯನು ಆಯುಧ ಹಿಡಿಯಲೊಲ್ಲದೆ ಬಹು ಬಾಧೆಪಟ್ಟು 1894ರಲ್ಲಿ ಸೆರೆಯಲ್ಲಿ ತೀರಿಹೋದನು. ಟಾಲ್‌ಸ್ಟಾಯನನ್ನಾದರೋ ಸರಕಾರವು ಮುಟ್ಟಲಿಲ್ಲ. ಬಡವರು ಶಿಕ್ಷೆ ಅನುಭವಿಸುತ್ತಿರಲು ತಾನು ಮನೆಯಲ್ಲಿ ಸುಖವಾಗಿರುವುದು ಅವನ ಮನಸ್ಸಾಕ್ಷಿಯನ್ನು ಚುಚ್ಚುತ್ತಿತ್ತು.

1895ರಲ್ಲಿ ಕಾಕಸಸ್ ಸೀಮೆಯ ದುಖೊಬೋರ್ ಎಂಬ ಪಂಗಡದ ರೈತರು ತಮ್ಮ ಆಯುಧಗಳನ್ನೆಲ್ಲಾ ಒಟ್ಟಿ ಸುಟ್ಟುಬಿಟ್ಟು, ದಂಡಿನ ಸೇವೆಯನ್ನು ನಿರಾಕರಿಸಿದರು. ರಾವುತರು ಅವರನ್ನು ಚಾವಟಿಗಳಿಂದ ಹೊಡೆದರು. ಸಾವಿರಾರು ಮಂದಿ ಹೊಲಮನೆಗಳಿಂದ ಅಟ್ಟಲ್ಪಟ್ಟರು. ಹಸಿವೆಯಿಂದಲೂ ರೋಗದಿಂದಲೂ ಅನೇಕರು ಸತ್ತರು. 1898ರಲ್ಲಿ ದೇಶವನ್ನು ಬಿಟ್ಟುಹೋಗಲು ಅಪ್ಪಣೆ ದೊರಕಿತಾದರೂ, ಹಡಗಿನ ವೆಚ್ಚಕ್ಕೆ ಹಣವಿರಲಿಲ್ಲ. ತನ್ನ ಹೊಸ ಗ್ರಂಥಗಳಿಗೆ ಪ್ರತಿಫಲ ತಕ್ಕೊಳ್ಳುವುದಿಲ್ಲವೆಂದು ಟಾಲ್‌ಸ್ಟಾಯನು ಮುಂಚೆಯೇ ನಿರ್ಣಯಿಸಿದ್ದನು. ಇವರಿಗೋಸ್ಕರ ಆ ನಿರ್ಣಯವನ್ನು ಬದಿಗಿಟ್ಟು, ಬಹುಕಾಲ ಅಪೂರ್ಣವಾಗಿ ಬಿದ್ದಿದ್ದ 'ಪುನರುತ್ಥಾನ' ಎಂಬ ಕಾದಂಬರಿಯನ್ನು ಎಪ್ಪತ್ತನೆಯ ಪ್ರಾಯದಲ್ಲಿ ಹಗಲಿರುಳು ದುಡಿದು ಮುಗಿಸಿ, ಬಂದ ಹಣವನ್ನು ಅವರ ಪ್ರಯಾಣಕ್ಕೆ ಕೊಟ್ಟನು. ಅವನ ಮಗನಾದ ಸೆರ್ಗೇಯನು ಒಂದು ಹಡಗಿನಲ್ಲಿ ಅವರ ಸಂಗಡ ಹೋದನು. ಇಂಗ್ಲೆಂಡಿನ ಕ್ವೇಕರ್ ಸಭೆಯವರೂ ನೆರವಾದರು. ಹೀಗೆ 1899ರಲ್ಲಿ ಏಳು ಸಾವಿರಕ್ಕಿಂತ ಹೆಚ್ಚು ಜನರು ಕೆನಡಾ ದೇಶವನ್ನು ಸೇರಿ ಬೇಸಾಯಕ್ಕೆ ಕೈಹಚ್ಚಿದರು.

ಟಾಲ್‌ಸ್ಟಾಯನು ಕ್ರಿಸ್ತನ ದೈವತ್ವವನ್ನು ಅಂಗೀಕರಿಸಲಿಲ್ಲ. ಈ ವಿಷಯದಲ್ಲಿ ನಾವು ಅವನನ್ನು ಹಿಂಬಾಲಿಸಲಾರೆವು. 1901ರಲ್ಲಿ ರಷ್ಯಾದ ಸಭೆಯು ಅವನನ್ನು ಬಹಿಷ್ಕರಿಸಿತು. ದಕ್ಷಿಣ ಆಫ್ರಿಕದಲ್ಲಿದ್ದ ಗಾಂಧಿಯವರು ಅವನ ಗ್ರಂಥವನ್ನೋದಿ ಅಹಿಂಸೆಯಲ್ಲಿ ದೃಢಪಟ್ಟರು. 1910ರಲ್ಲಿ ಅವನು ಮನೆಯನ್ನು ಬಿಟ್ಟು ಹೊರಟು, ಅಸ್ತಾಪೊವೊ ಎಂಬ ರೈಲು ನಿಲ್ದಾಣದಲ್ಲಿ ತನ್ನ 82ನೆಯ ವಯಸ್ಸಿನಲ್ಲಿ ಮೃತನಾದನು.

ಪ್ರಿಯ ವಾಚಕರೇ, ನಮ್ಮ ದೇಶದಲ್ಲಿ ಯಾರನ್ನೂ ಬಲವಂತದಿಂದ ದಂಡಿಗೆ ಸೇರಿಸುವುದಿಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಹೊಲದ ಬದುವಿನ ಜಗಳಕ್ಕೆ ಬಡಿಗೆ ಹಿಡಿದು ಬಾರೆಂದು ಅಣ್ಣತಮ್ಮಂದಿರೇ ಕರೆಯುವ ದಿನ ಬರುವುದುಂಟು. ಆಗ ಒಲ್ಲೆನೆಂದು ನಿಲ್ಲುವ ಸಹೋದರನು ಒಂಟಿಗನಾಗುವನು. ಅಂಥವನಿಗೆ ಸಮಾಧಾನವನ್ನು ಬೋಧಿಸಿದ ನಾವು ಅವನ ನಷ್ಟದಲ್ಲಿಯೂ ಪಾಲುಗಾರರಾಗತಕ್ಕದ್ದು. ಕರ್ತನು ಇದಕ್ಕೆ ನಮಗೆ ಕೃಪೆಯನ್ನು ಅನುಗ್ರಹಿಸಲಿ.