ಸಾರಾ ಬರ್ನ್‌ಹಾರ್ಟ್

ಮೊದಲನೆಯ ಮಹಾಯುದ್ಧದ ದಿನಗಳು. ಫ್ರಾನ್ಸ್ ದೇಶದ ರಣರಂಗಕ್ಕೆ ಸಮೀಪದಲ್ಲಿ ಸೈನಿಕರಿಗಾಗಿ ನಾಟಕ ಪ್ರದರ್ಶನವೊಂದು ಏರ್ಪಟ್ಟಿತ್ತು. ಎಪ್ಪತ್ತು ವರ್ಷ ದಾಟಿದ ವೃದ್ಧೆಯೊಬ್ಬಳನ್ನು ಕುರ್ಚಿಯಲ್ಲಿ ಕುಳ್ಳಿರಿಸಿ ಹೊತ್ತು ತಂದು ವೇದಿಕೆಯ ಮೇಲೆ ಇಳಿಸಿದರು. ಆಕೆಗೆ ಒಂದು ಕಾಲು ಇರಲಿಲ್ಲ. ಕುಳಿತಲ್ಲಿಂದಲೇ ಆಕೆ ನುಡಿಯತೊಡಗಿದಾಗ ಸೈನಿಕರು ತಮ್ಮ ದಣಿವನ್ನೂ ಭಯವನ್ನೂ ಮರೆತು ಕೇಳಿದರು. ಆಕೆಯೇ ಜಗತ್ಪ್ರಸಿದ್ಧ ನಟಿ ಸಾರಾ ಬರ್ನ್‌ಹಾರ್ಟ್.

ಸಾರಾ 1844ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದಳು. ತಂದೆಯ ಆಸರೆ ಆಕೆಗೆ ದೊರೆಯಲಿಲ್ಲ. ಬಾಲ್ಯದ ಹಲವು ವರ್ಷಗಳು ಕ್ರೈಸ್ತ ಸಂನ್ಯಾಸಿನಿಯರ ಶಾಲೆಯಲ್ಲಿ ಕಳೆದುವು. ತಾನೂ ಸಂನ್ಯಾಸಿನಿಯಾಗಬೇಕೆಂದು ಬಯಸಿದ್ದ ಬಾಲಕಿ ಹಿರಿಯರ ಸಲಹೆಯಂತೆ 1860ರಲ್ಲಿ ನಾಟಕ ಶಿಕ್ಷಣಕ್ಕೆ ಸೇರಿದಳು. 1862ರಲ್ಲಿ ದೇಶದ ಪ್ರತಿಷ್ಠಿತ ನಾಟಕ ಸಂಸ್ಥೆಯಾದ ಕಾಮೆದಿ ಫ್ರಾನ್ಸೇಸ್‌ನಲ್ಲಿ ಮೊದಲ ಬಾರಿಗೆ ಬಣ್ಣ ಹಚ್ಚಿದಾಗ ವಿಮರ್ಶಕರು ಆಕೆಯನ್ನು ಮೆಚ್ಚಲಿಲ್ಲ. ಮರುವರ್ಷ, ತನ್ನ ಪುಟ್ಟ ತಂಗಿಯನ್ನು ತಳ್ಳಿದ ಹಿರಿಯ ನಟಿಯೊಬ್ಬಳ ಕೆನ್ನೆಗೆ ಹೊಡೆದು, ಕ್ಷಮೆ ಕೇಳಲು ಒಪ್ಪದೆ ಆ ಸಂಸ್ಥೆಯನ್ನೇ ತೊರೆಯಬೇಕಾಯಿತು.

ಸಾರಾ ಧೃತಿಗೆಡಲಿಲ್ಲ. 1866ರಲ್ಲಿ ಓದೆಯೋನ್ ಎಂಬ ರಂಗಮಂದಿರವನ್ನು ಸೇರಿ ಶ್ರದ್ಧೆಯಿಂದ ದುಡಿದಳು. ಮೂರು ವರ್ಷಗಳಲ್ಲಿ ಆಕೆಯ ಹೆಸರು ಮನೆಮಾತಾಯಿತು. ಜನ ಆಕೆಯದು ಚಿನ್ನದ ಕಂಠವೆಂದು ಕೊಂಡಾಡಿದರು. 1870ರಲ್ಲಿ ಪ್ರಷ್ಯದ ಸೈನ್ಯವು ಪ್ಯಾರಿಸ್ ನಗರವನ್ನು ಮುತ್ತಿದಾಗ ಆಕೆ ಅದೇ ರಂಗಮಂದಿರವನ್ನು ಆಸ್ಪತ್ರೆಯನ್ನಾಗಿ ಮಾರ್ಪಡಿಸಿ, ಗಾಯಗೊಂಡ ಯೋಧರನ್ನು ಉಪಚರಿಸಿದಳು. ಸೌದೆ ಮುಗಿದಾಗ ನಾಟಕದ ಹಳೆಯ ಪರದೆ ಪೀಠೋಪಕರಣಗಳನ್ನೇ ಉರಿಸಿ ರೋಗಿಗಳನ್ನು ಬೆಚ್ಚಗಿರಿಸಿದಳು.

ಕೀರ್ತಿಯೊಡನೆ ವದಂತಿಗಳೂ ಬೆಳೆದುವು. ಆಕೆ ಶವಪೆಟ್ಟಿಗೆಯಲ್ಲಿ ಮಲಗಿ ಛಾಯಾಚಿತ್ರ ತೆಗೆಸಿಕೊಂಡಳು. 1878ರಲ್ಲಿ ಬಲೂನನ್ನೇರಿ ಪ್ಯಾರಿಸ್ ನಗರದ ಮೇಲೆ ಹಾರಾಡಿದಳು. ವ್ಯಂಗ್ಯಚಿತ್ರಕಾರರು ಆಕೆಯ ತೆಳುವಾದ ಮೈಕಟ್ಟನ್ನು ಹಾಸ್ಯಮಾಡಿದರು. ಕೆಲವರು ಆಕೆಯ ಯೆಹೂದಿ ಮೂಲವನ್ನು ಹಳಿದರು. ಜನರ ಕುತೂಹಲದ ಬೆಲೆಯನ್ನು ಸಾರಾ ಚೆನ್ನಾಗಿ ಅರಿತಿದ್ದಳು. ಆದರೆ ಕುತೂಹಲವು ಜನರನ್ನು ರಂಗಮಂದಿರದ ಬಾಗಿಲವರೆಗೆ ಮಾತ್ರ ಕರೆತರಬಲ್ಲುದು; ಒಳಗೆ ಬಂದವರನ್ನು ಹಿಡಿದು ನಿಲ್ಲಿಸುತ್ತಿದ್ದುದು ಆಕೆಯ ಕಲೆ.

1872ರಲ್ಲಿ ಆಕೆಯನ್ನು ಮರಳಿ ಕರೆಸಿಕೊಂಡಿದ್ದ ಕಾಮೆದಿ ಫ್ರಾನ್ಸೇಸ್‌ಗೆ 1880ರಲ್ಲಿ ರಾಜೀನಾಮೆಯಿತ್ತಾಗ, ನ್ಯಾಯಾಲಯವು ಒಂದು ಲಕ್ಷ ಫ್ರಾಂಕ್ ಪರಿಹಾರ ಕೊಡಬೇಕೆಂದು ವಿಧಿಸಿತು. ಸಾರಾ ಎದೆಗುಂದದೆ ಸಾಗರವನ್ನು ದಾಟಿ ಅಮೆರಿಕದ ಊರೂರುಗಳಲ್ಲಿ ಅಭಿನಯಿಸಿದಳು. ಫ್ರೆಂಚ್ ನುಡಿಯನ್ನರಿಯದವರೂ ಆಕೆಯ ಧ್ವನಿಗೆ, ಹಾವಭಾವಗಳಿಗೆ ಮಾರುಹೋದರು. ಮುಂದೆ ಪ್ಯಾರಿಸ್ಸಿನಲ್ಲಿ ತನ್ನದೇ ಹೆಸರಿನ ರಂಗಮಂದಿರವನ್ನು ನಡೆಸಿದಳು. 1899ರಲ್ಲಿ, ಐವತ್ತು ದಾಟಿದ ಪ್ರಾಯದಲ್ಲಿ, ಷೇಕ್ಸ್‌ಪಿಯರನ ಹ್ಯಾಮ್ಲೆಟ್ ರಾಜಕುಮಾರನ ಪಾತ್ರವನ್ನು ಧರಿಸಿದಳು.

1905ರಲ್ಲಿ ದಕ್ಷಿಣ ಅಮೆರಿಕದ ರಿಯೊ ನಗರದಲ್ಲಿ ಅಭಿನಯಿಸುತ್ತಿದ್ದಾಗ ಮೊಣಕಾಲಿಗೆ ಪೆಟ್ಟಾಯಿತು. ಹತ್ತು ವರ್ಷ ಆ ನೋವನ್ನು ನುಂಗಿಕೊಂಡೇ ಆಕೆ ನಟಿಸಿದಳು. ಕೊನೆಗೆ 1915ರಲ್ಲಿ ಬಲಗಾಲನ್ನು ಕತ್ತರಿಸಬೇಕಾಯಿತು. ಇನ್ನು ಸಾರಾಳ ಕಲಾಜೀವನ ಮುಗಿಯಿತೆಂದು ಯಾರಾದರೂ ಭಾವಿಸಬಹುದಿತ್ತು. ಆಕೆ ಹಾಗೆ ಭಾವಿಸಲಿಲ್ಲ. ಕೃತಕ ಕಾಲನ್ನು ಒಲ್ಲದೆ, ಕುಳಿತು ಅಭಿನಯಿಸಬಹುದಾದ ಪಾತ್ರಗಳನ್ನು ಆರಿಸಿಕೊಂಡಳು. ಯೋಧರ ಮುಂದೆ ನಟಿಸಲು ಹೊರಟದ್ದು ಇದಾದ ಮೇಲೆಯೇ.

1923ರ ಮಾರ್ಚ್ 26ರಂದು ಸಾರಾ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿಯೂ ಆಕೆಯ ಮನೆಯಲ್ಲಿ ಚಲನಚಿತ್ರವೊಂದರ ಚಿತ್ರೀಕರಣ ನಡೆದಿತ್ತು. ಅಂತಿಮಯಾತ್ರೆಯ ದಿನ ಬೀದಿಗಳ ಇಕ್ಕೆಲಗಳಲ್ಲಿಯೂ ಜನಸಾಗರ ನೆರೆಯಿತು. ಪತ್ರಿಕೆಗಳು ಹರಡಿದ ವದಂತಿಗಳು ಕಾಲಕ್ರಮದಲ್ಲಿ ಮಾಸಿದುವು. ಕಾಲನ್ನು ಕಳೆದುಕೊಂಡರೂ ಕಾಯಕವನ್ನು ಬಿಡದ ಆ ಕಲಾವಿದೆಯ ಹೆಸರು ಮಾತ್ರ ರಂಗಭೂಮಿಯ ಇತಿಹಾಸದಲ್ಲಿ ಉಳಿದಿದೆ.