ಜಗನ್ನಾಥ ಶಂಕರಶೇಟರೂ ಜಿ.ಐ.ಪಿ. ರೈಲ್ವೆಯೂ

ರಾಯಚೂರು, ಕಲಬುರಗಿಗಳಿಂದ ಹೊಟ್ಟೆಯ ಪಾಡಿಗಾಗಿ ಮುಂಬಯಿಗೆ ಬಂದು ನೆಲೆಸಿದ ಕನ್ನಡಿಗರು ಹಾದುಬಂದ ಹಳಿಗಳು ಮೂಲತಃ ಸರಕಾರದವಲ್ಲ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಎಂಬ ಆಂಗ್ಲ ಖಾಸಗಿ ಕಂಪನಿಯವು. ಆ ಕಂಪನಿಯ ಉದಯಕ್ಕೆ ಈ ನಗರದಲ್ಲಿ ನೀರೆರೆದ ಭಾರತೀಯರಲ್ಲಿ ಅಗ್ರಗಣ್ಯರು 'ನಾನಾ' ಎಂದೇ ಜನಜನಿತರಾದ ಜಗನ್ನಾಥ ಶಂಕರಶೇಟರು.

ಅವರು ಜನಿಸಿದುದು 1803ರಲ್ಲಿ, ದೈವಜ್ಞ ಸಮಾಜದ ಸಿರಿವಂತ ವರ್ತಕ ಕುಟುಂಬದಲ್ಲಿ. 1822ರಲ್ಲಿ ತಂದೆ ತೀರಿಕೊಂಡಾಗ, ಇನ್ನೂ ಇಪ್ಪತ್ತು ತುಂಬದ ತರುಣನ ಹೆಗಲಿಗೆ ವ್ಯಾಪಾರದ ಭಾರವೆಲ್ಲ ಬಿದ್ದಿತು. ಅವರ ಪ್ರಾಮಾಣಿಕತೆಯ ಕೀರ್ತಿ ಎಷ್ಟಿತ್ತೆಂದರೆ, ಅರಬ್ಬರೂ ಅಫಘಾನರೂ ತಮ್ಮ ದ್ರವ್ಯವನ್ನು ಬ್ಯಾಂಕುಗಳಲ್ಲಿಡದೆ ಅವರಲ್ಲಿ ಇಡುತ್ತಿದ್ದರು.

ಗಳಿಸಿದುದನ್ನು ಅವರು ಕೂಡಿಡಲಿಲ್ಲ. ಎಲ್ಫಿನ್‌ಸ್ಟನ್ ವಿದ್ಯಾಸಂಸ್ಥೆಯ ಏಳಿಗೆಗೆ ದುಡಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದನ್ನು ಸ್ವಜನರೇ ಹಳಿಯುತ್ತಿದ್ದ ಕಾಲದಲ್ಲಿ ಬಾಲಿಕಾ ಶಾಲೆಗೆ ತಮ್ಮ ಗಿರಗಾಂವದ ನಿವೇಶನದಲ್ಲೇ ಎಡೆಗೊಟ್ಟರು.

ಇಂಗ್ಲೆಂಡಿನಲ್ಲಿ ಉಗಿಬಂಡಿ ಓಡತೊಡಗಿದ ವಾರ್ತೆ ಅವರ ಮನಸ್ಸನ್ನು ಸೆಳೆಯಿತು. 1845ರಲ್ಲಿ ಸರ್ ಜಮ್‌ಶೇಟ್‌ಜಿ ಜೀಜೀಭಾಯಿಯವರೊಡಗೂಡಿ ಅವರು ರೈಲ್ವೆ ಸಂಘವೊಂದನ್ನು ಸ್ಥಾಪಿಸಿದರು. ಈ ಪ್ರಯತ್ನವೇ ಮುಂದೆ ಜಿ.ಐ.ಪಿ. ಕಂಪನಿಯಲ್ಲಿ ವಿಲೀನವಾಯಿತು, ಅದರ ನಿರ್ದೇಶಕರ ಸಾಲಿನಲ್ಲಿದ್ದ ಭಾರತೀಯರೆಂದರೆ ಇವರಿಬ್ಬರೇ. 1849ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಯಿದೆಯಿಂದ ಕಂಪನಿ ವಿಧಿವತ್ತಾಗಿ ಸ್ಥಾಪಿತವಾಯಿತು. 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ, 21 ಮೈಲುಗಳ ಹಾದಿಯಲ್ಲಿ, ಮೂರು ಎಂಜಿನುಗಳು ಸುಮಾರು 400 ಅತಿಥಿಗಳಿದ್ದ ಹದಿನಾಲ್ಕು ಡಬ್ಬಿಗಳನ್ನು ಎಳೆದೊಯ್ದವು. ಆ ಅತಿಥಿಗಳಲ್ಲಿ ನಾನಾ ಅವರೂ ಒಬ್ಬರು.

ಆದರೆ ಈ ವೈಭವಕ್ಕೆ ಇನ್ನೊಂದು ಮುಖವೂ ಉಂಟು. ಹೂಡಿದ ಬಂಡವಾಳಕ್ಕೆ ಶೇಕಡಾ 5ರ ಆದಾಯವನ್ನು ಸರಕಾರವೇ ಖಾತರಿಪಡಿಸಿತ್ತು. ನೆಲವನ್ನೂ ಪುಕ್ಕಟೆಯಾಗಿ ಕೊಟ್ಟಿತ್ತು. ಗಳಿಕೆ ಸಾಲದಿದ್ದರೆ ಕೊರತೆಯನ್ನು ತುಂಬಬೇಕಾದವನು ಈ ದೇಶದ ತೆರಿಗೆದಾರ. ಲಾಭ ಪಾಲುದಾರನಿಗೆ, ನಷ್ಟ ರೈತನಿಗೆ ಎಂಬ ಈ ಏರ್ಪಾಡಿನಲ್ಲಿ ಖರ್ಚನ್ನು ಹಿಡಿತದಲ್ಲಿಡುವ ಆತುರ ಕಂಪನಿಗಾದರೂ ಏಕಿದ್ದೀತು? ಭೋರ್ ಘಾಟಿನಲ್ಲಿ 25 ಸುರಂಗಗಳನ್ನು ಕೊರೆಯಲು ಒಂದು ಹಂತದಲ್ಲಿ 40,000ಕ್ಕೂ ಹೆಚ್ಚು ಕೂಲಿಗಳು ದುಡಿದರು. ಕಾಲರಾ, ಜ್ವರಗಳಿಗೆ ತುತ್ತಾದವರು ಸಾವಿರಾರು. ಅವರ ಹೆಸರುಗಳು ಯಾವ ಶಿಲೆಯ ಮೇಲೂ ಇಲ್ಲ.

ನಾನಾ ಅವರು ಪರಕೀಯರ ಬಂಡವಾಳವನ್ನು ಸ್ವಾಗತಿಸಿದರೂ ಪರಕೀಯರ ಆಳ್ವಿಕೆಗೆ ಮೌನವಾಗಿ ತಲೆಬಾಗಿದವರಲ್ಲ. 1852ರಲ್ಲಿ ಬಾಂಬೆ ಅಸೋಸಿಯೇಶನ್ನನ್ನು ಸ್ಥಾಪಿಸಿ, ಆಡಳಿತದ ದುಂದುವೆಚ್ಚವನ್ನು ಕುರಿತು ಪಾರ್ಲಿಮೆಂಟಿಗೇ ಮನವಿ ಕಳುಹಿಸಿದವರಲ್ಲಿ ಅವರು ಪ್ರಮುಖರು. 1857ರ ದಂಗೆಯ ಕಾಲದಲ್ಲಿ ಅವರ ಮೇಲೆಯೂ ಸಂಶಯದ ನೆರಳು ಬಿದ್ದು, ವಿಚಾರಣೆ ನಡೆದು, ನಿರ್ದೋಷಿಯೆಂದು ಸಾಬೀತಾಯಿತು. ಮುಂದೆ ಅದೇ ಸರಕಾರ ಅವರನ್ನು ಮುಂಬಯಿ ಶಾಸನಸಭೆಗೆ ನೇಮಿಸಿತು.

ಭೋರ್ ಘಾಟಿನ ಮಾರ್ಗ 1863ರಲ್ಲಿ ತೆರೆದುದನ್ನು ಅವರು ಕಂಡರು. 1865ರ ಜುಲೈ 31ರಂದು ದೈವಾಧೀನರಾದರು. ಜಿ.ಐ.ಪಿ. ಹಳಿಗಳು ರಾಯಚೂರನ್ನು ಮುಟ್ಟಿ ಮದ್ರಾಸ್ ರೈಲ್ವೆಯನ್ನು ಕೂಡಿಕೊಂಡದ್ದು 1871ರಲ್ಲಿ. ಕನ್ನಡ ನಾಡಿಗೂ ಮುಂಬಯಿಗೂ ಉಂಟಾದ ಆ ಬೆಸುಗೆಯನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ.

1900ರಲ್ಲಿ ಸರಕಾರ ಕಂಪನಿಯನ್ನು ಕೊಂಡಿತು. 1925ರಲ್ಲಿ ಆಡಳಿತವನ್ನೂ ವಹಿಸಿಕೊಂಡಿತು. 1951ರಲ್ಲಿ ಅದು ಮಧ್ಯ ರೈಲ್ವೆಯಲ್ಲಿ ಲೀನವಾಯಿತು. ಕಂಪನಿ ಅಳಿಯಿತು, ಹಳಿ ಉಳಿಯಿತು. ಗ್ರ್ಯಾಂಟ್ ರೋಡಿನ ಬಳಿಯ ನಾನಾ ಚೌಕವನ್ನು ದಿನವೂ ದಾಟುವ ನಮ್ಮವರು, ಆ ಹೆಸರಿನ ಹಿರಿಯನನ್ನೂ ಘಾಟಿನಲ್ಲಿ ಮಡಿದ ಹೆಸರಿಲ್ಲದ ಕೂಲಿಗಳನ್ನೂ ಒಮ್ಮೆಯಾದರೂ ಸ್ಮರಿಸುವುದು ಉಚಿತ. ಊರಿಗೆ ಹೋಗಿ ಬರುವ ದಾರಿಯನ್ನು ನಮಗೆ ತೆರೆದುಕೊಟ್ಟವರು ಅವರು.